ಗೋಡೆಯ ಮೇಲಿನ ಜಪ

ನಮ್ಮ ಊರಿನಲ್ಲಿ ಛಾಯಾಚಿತ್ರ ತೆಗೆಯುವವನನ್ನು ನಡುಮಧ್ಯಾಹ್ನಕ್ಕಲ್ಲದೆ ಬೇರೆ ಹೊತ್ತಿಗೆ ಯಾರೂ ಕರೆಯುವುದಿಲ್ಲ. ಮದುವೆಯ ಮಾತುಕತೆ ಮುಗಿದ ಮೇಲೆ ಗಂಡನ್ನೂ ಹೆಣ್ಣನ್ನೂ ಬೆಳಗಿನ ಎಳೆಬಿಸಿಲಿನಲ್ಲಿ, ಸುಣ್ಣ ಬಳಿದ ಗೋಡೆಯ ಮುಂದೆ, ಅರ್ಧ ಗಳಿಗೆ ನಿಲ್ಲಿಸುವ ಪದ್ಧತಿಯುಂಟು. ಅದನ್ನು 'ಬಿಸಿಲಿಗೆ ನಿಲ್ಲಿಸುವುದು' ಎನ್ನುತ್ತೇವೆ. ಮಳೆಗಾಲದ ಮೋಡದ ಮರೆಯಲ್ಲಿ ನಿಶ್ಚಯವಾದ ಸಂಬಂಧಗಳನ್ನು ಹಿರಿಯರು ಸ್ವಲ್ಪ ಅನುಮಾನದಿಂದಲೇ ಕಾಣುತ್ತಾರೆ. ಇಲ್ಲಿ ನರಗಳ ಬೇನೆ ಮೊದಲು ನೆರಳಿಗೆ ಬರುತ್ತದೆ, ದೇಹಕ್ಕೆ ಆಮೇಲೆ. ಕೈ ನಡುಗುವುದಕ್ಕೆ ಒಂದೆರಡು ವರ್ಷ ಮೊದಲೇ ನೆರಳಿನ ಕೈ ನಡುಗುತ್ತದೆ. ಮರೆವು ಬರಲಿರುವವನು ತನ್ನ ಮನೆಯ ಬಾಗಿಲಿಗೆ ತಿರುಗಿದರೂ ಅವನ ನೆರಳು ಬೀದಿಯಲ್ಲಿ ನೇರವಾಗಿ ನಾಲ್ಕು ಹೆಜ್ಜೆ ಮುಂದೆ ಹೋಗಿ, ಅನಂತರ ನಾಚಿಕೊಂಡಂತೆ ಹಿಂದಿರುಗುತ್ತದೆ.

ಇದರೊಡನೆ ಬಾಳುವುದಕ್ಕೆ ಊರು ಮಾಡಿಕೊಂಡ ನಿಯಮ ಒಂದೇ. ಒಬ್ಬರ ನೆರಳಿನ ಸಂಗತಿಯನ್ನು ಅವರಾಗಿ ಕೇಳದೆ ಇನ್ನೊಬ್ಬರು ಹೇಳಬಾರದು. ಕೇಳುವವರು ತೀರ ಅಪರೂಪ. ಐವತ್ತು ದಾಟಿದ ಮೇಲೆ ಬಹುಮಂದಿ ತಮ್ಮ ನೆರಳನ್ನು ತಾವೇ ನೋಡಿಕೊಳ್ಳುವುದನ್ನೂ ಬಿಟ್ಟುಬಿಡುತ್ತಾರೆ.

ನಾನು ಈ ಊರಿನ ಬಸದಿಯಲ್ಲಿ ಮೂವತ್ತೆಂಟು ವರ್ಷಗಳಿಂದ ವ್ಯಾಖ್ಯಾನಕಾರ. ಓದುವವರು ಪಾಯಣ್ಣನವರು. ಅವರು ಹಳೆಯ ಕಾವ್ಯದ ಪದ್ಯವನ್ನು ರಾಗವಾಗಿ ಓದುತ್ತಾರೆ, ನಾನು ಅದರ ಅರ್ಥವನ್ನೂ ತತ್ತ್ವವನ್ನೂ ವಿಸ್ತರಿಸುತ್ತೇನೆ. ಅವರ ಕಂಠ ಎಂಥದೆಂದರೆ, ಯುದ್ಧದ ಪದ್ಯ ಓದಿದ ದಿನ ಕೇಳಿದ ಗಂಡಸರು ಮನೆಗೆ ಹೋಗಿ ಹೆಂಡತಿಯರೊಡನೆ ತಗ್ಗಿ ಮಾತಾಡುತ್ತಿದ್ದರಂತೆ. ನನಗೆ ಕಂಠವಿಲ್ಲ; ಶ್ರುತಿಗೂ ನನಗೂ ಹುಟ್ಟಿನಿಂದಲೇ ಮಾತಿಲ್ಲ. ಅದಕ್ಕೆ ಬದಲಾಗಿ ಮಾತು ಧಾರಾಳವಾಗಿದೆ. 'ಎಲೈ' ಎಂಬ ಒಂದು ಸಂಬೋಧನೆಗೆ ಎರಡು ಚತುರ್ದಶಿ ತೆಗೆದುಕೊಂಡವನು ಎಂದು ನನ್ನನ್ನು ಊರಿನವರು ಹಾಸ್ಯ ಮಾಡುವುದುಂಟು. ಅದು ಸುಳ್ಳಲ್ಲ.

ನಾವು ಓದುತ್ತಿದ್ದುದು ನಮ್ಮ ಊರಿನವನೇ ಆದ ಪ್ರಾಚೀನ ಕವಿಯೊಬ್ಬನ ಕಾವ್ಯ. ಒಬ್ಬ ಅರಸ ರಾಜ್ಯ ಕಟ್ಟಿ, ಆಳಿ, ಕೊನೆಯ ಸಂಧಿಯಲ್ಲಿ ಅದನ್ನೆಲ್ಲ ಬಿಟ್ಟು ನಡೆಯುವ ಕಥೆ. ಅಷ್ಟಮಿ ಚತುರ್ದಶಿಗಳಂದು ಮಾತ್ರ, ಸೂರ್ಯೋದಯದ ಹೊತ್ತಿಗೆ ಓದು. ಹೀಗಾಗಿ ಒಂದು ಸುತ್ತು ಮುಗಿಯಲು ಹನ್ನೆರಡು ವರ್ಷ ಬೇಕು. ಪಾಯಣ್ಣನವರ ತಂದೆ ಹಿಂದೆ ಒಂದು ಸುತ್ತನ್ನು ಹಿಡಿದು, ಮುಗಿಯಲು ಎರಡು ಸಂಧಿ ಉಳಿದಿರುವಾಗ ತೀರಿಕೊಂಡರು. ಅಲ್ಲಿಂದೀಚೆಗೆ ಬಸದಿಯಲ್ಲಿ ಬೇರೆ ಕಾವ್ಯಗಳನ್ನೇ ಓದುತ್ತಿದ್ದೆವು. ಈ ಸುತ್ತನ್ನು ಮಂಗಳದವರೆಗೆ ತಾನು ಓದಿಯೇ ತೀರುತ್ತೇನೆಂದು ಮಗ ಬಸದಿಯ ಎದುರು ಕೈಮುಗಿದು ಆರಂಭಿಸಿದ್ದರು. ಅವರ ಬದುಕಿನಲ್ಲಿ ಇನ್ನಾವ ಆಸೆಯನ್ನೂ ನಾನು ಕಂಡವನಲ್ಲ.

ಬಸದಿಯ ಮುಖಮಂಟಪ ಪೂರ್ವಕ್ಕೆ ತೆರೆದಿದೆ. ಗ್ರಂಥದ ಮೇಲೆ ಬೆಳಕು ಬೀಳಲೆಂದು ಓದುವವರು ಸೂರ್ಯನಿಗೆ ಮುಖ ಮಾಡಿ ಕುಳಿತುಕೊಳ್ಳುತ್ತಾರೆ. ಬೆಳಕಿಗೆ ಅಡ್ಡವಾಗದಂತೆ ಕೇಳುವವರು ಎಡಬಲಗಳಲ್ಲಿ ಸೇರುತ್ತಾರೆ. ಓದುವವರ ನೆರಳು ಬೆನ್ನ ಹಿಂದಿನ ಬಿಳಿಯ ಗೋಡೆಯ ಮೇಲೆ ದೊಡ್ಡದಾಗಿ ಬೀಳುತ್ತದೆ. ಅವರ ಬಲಕ್ಕೆ ಓರೆಯಾಗಿ ಕೂಡುವ ನನಗೆ ಅದು ಕಾಣುತ್ತದೆ. ಎಲ್ಲರಿಗೂ ಕಾಣುತ್ತದೆ, ಅವರೊಬ್ಬರನ್ನು ಬಿಟ್ಟು.

ಒಂಬತ್ತನೆಯ ವರ್ಷದ ಒಂದು ಅಷ್ಟಮಿಯಂದು ಪಾಯಣ್ಣನವರು ಪದ್ಯ ಮುಗಿಸಿ, ಬಲಗೈಯನ್ನು ತೊಡೆಯ ಮೇಲಿಟ್ಟು, ನನ್ನ ಅರ್ಥವನ್ನು ಕೇಳುತ್ತ ಕುಳಿತಿದ್ದರು. ಕೈ ಕಲ್ಲಿನಂತೆ ನಿಶ್ಚಲವಾಗಿತ್ತು. ಗೋಡೆಯ ಮೇಲಿನ ಕೈ ಮಾತ್ರ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತಿತ್ತು. ನಿಲ್ಲಿಸದೆ, ಒಂದೇ ಲಯದಲ್ಲಿ, ಜಪಮಣಿ ಎಣಿಸುವವರಂತೆ. ಮುಂದಿನ ಸಾಲಿನ ಮುದುಕಿಯೊಬ್ಬಳು ಅದನ್ನು ಜಪವೆಂದೇ ತಿಳಿದು ಗೋಡೆಗೆ ಕೈಮುಗಿದಳು. ಆಮೇಲೆ ಅವಳಿಗೂ ತಿಳಿಯಿತು. ಅವಳು ಕೈ ಇಳಿಸಿ ಸೆರಗು ಸರಿಮಾಡಿಕೊಂಡಳು.

ಅಂದಿನಿಂದ ಕೇಳುವವರು ಗೋಡೆಯಿಂದ ಕಣ್ಣು ಕೀಳಲಿಲ್ಲ. ಪಾಯಣ್ಣನವರಿಗೆ ಇದು ಬೇರೆಯಾಗಿಯೇ ಕಂಡಿತು. ಒಂದು ದಿನ ಮೆಟ್ಟಿಲಿಳಿಯುತ್ತ ನನ್ನ ಹೆಗಲ ಮೇಲೆ ಕೈಹಾಕಿ, "ಗಮನಿಸಿದ್ರಾ ಪಂಡಿತರೇ? ಈಚೆಗೆ ಜನ ಕಣ್ಣು ಮಿಟುಕಿಸದೆ ಕೇಳ್ತಾರೆ. ಈ ವಯಸ್ಸಿಗೆ ಕಂಠ ಹದಕ್ಕೆ ಬಂತು ಅನ್ಸುತ್ತೆ" ಎಂದರು. ನಾನು ಹೌದೆಂದೆ.

ಆ ಹೌದು ನನ್ನನ್ನು ಬಹಳ ದಿನ ಕಾಡಿತು. ಸತ್ಯವ್ರತವನ್ನು ಹಿಡಿದವನು ನಾನು. ಆದರೆ ಕೇಳುವವನ ಎದೆಗೆ ಬಾಣವಾಗುವ ನಿಜವನ್ನು ನುಡಿಯುವುದೂ ಅಸತ್ಯದ ಸಾಲಿಗೇ ಸೇರುತ್ತದೆಂದು ಪೂರ್ವಾಚಾರ್ಯರು ಹೇಳಿದ್ದಾರೆ. ಊರಿನ ನಿಯಮವೂ ಅದನ್ನೇ ಹೇಳುತ್ತದೆ. ಎರಡು ಪ್ರಮಾಣಗಳು ಒಂದಾಗಿ ನಿಂತಿರುವಾಗ ನನ್ನ ಮೌನ ನಿರ್ದೋಷವೆಂದು ನಾನೇ ತೀರ್ಮಾನಿಸಿಕೊಂಡೆ. ಹೀಗೆ ಒಂದೂವರೆ ವರ್ಷ ಕಳೆಯಿತು.

ಆ ವೇಳೆಗೆ ಊರಿನ ದವಾಖಾನೆಗೆ ಡಾಕ್ಟರ್ ನಸೀಮಾ ಎಂಬವರು ಬಂದಿದ್ದರು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು, ಮಾತು ನೇರ. ರೋಗಿಗಳನ್ನು ಒಳಗೆ ಕೂರಿಸದೆ ಬೆಳಗಿನ ಬಿಸಿಲಿನ ಅಂಗಳದಲ್ಲೇ ನೋಡುವುದನ್ನು ಎರಡೇ ವಾರದಲ್ಲಿ ಕಲಿತರು. ನಾನು ಅವರಲ್ಲಿಗೆ ಹೋಗಿ, ಯಾರ ಹೆಸರನ್ನೂ ಎತ್ತದೆ, ನೆರಳಿನ ಕೈ ಜಪ ಮಾಡುವುದನ್ನು ವಿವರಿಸಿದೆ.

"ಯಾರದ್ದು ಅಂತ ಕೇಳಲ್ಲ" ಎಂದರು ಅವರು. "ಎಂಟು ತಿಂಗಳಲ್ಲಿ ಅಷ್ಟು ಕಲಿತಿದೀನಿ. ಕೂತ್ಕೊಳ್ಳಿ, ಹೇಳ್ತೀನಿ. ಪ್ರೋಟೀನ್ ಅಂದ್ರೆ ಬೇಳೆಕಾಳಲ್ಲಿರೋದು ಮಾತ್ರ ಅಲ್ಲ ಪಂಡಿತರೇ. ನಮ್ಮ ದೇಹ ತನಗೆ ಬೇಕಾದ್ದನ್ನ ತಾನೇ ಹೆಣೆದುಕೊಳ್ಳುತ್ತೆ. ಒಂದೊಂದಕ್ಕೂ ಒಂದೊಂದು ಮಡಿಕೆ. ಹಾಗೇ ಮಡಚಿಕೊಂಡ್ರೆ ಮಾತ್ರ ಅದು ಕೆಲಸಕ್ಕೆ ಬರೋದು. ಕೈಕಾಲು ಆಡೋಕೆ ಅಪ್ಪಣೆ ಕೊಡೋ ಒಂದು ಚಿಕ್ಕ ಜಾಗ ಮೆದುಳಿನ ಬುಡದಲ್ಲಿದೆ. ಅಲ್ಲಿ ಇಂಥದ್ದೊಂದು ತಪ್ಪಾಗಿ ಮಡಚಿಕೊಳ್ಳುತ್ತೆ. ಅಷ್ಟಕ್ಕೇ ನಿಂತಿದ್ರೆ ಚಿಂತೆ ಇರ್ಲಿಲ್ಲ. ತನ್ನ ತಪ್ಪನ್ನ ಪಕ್ಕದ್ದಕ್ಕೂ ಕಲಿಸುತ್ತೆ. ಎಲ್ಲಾ ಅಂಟಿಕೊಂಡು ಗಂಟಾಗುತ್ತೆ. ಗಂಟು ತುಂಬಿದ ಜೀವಕೋಶ ಸಾಯುತ್ತೆ."

"ಲಿಪಿಕಾರರ ತಪ್ಪಿನ ಹಾಗೆ" ಎಂದೆ. ಒಂದು ಪ್ರತಿಯಲ್ಲಿ ಕೈತಪ್ಪಿದ ಅಕ್ಷರವನ್ನು ಮುಂದಿನವನು ನಿಜವೆಂದೇ ನಂಬಿ ಬರೆಯುತ್ತಾನೆ, ಅವನದನ್ನು ನೋಡಿ ಇನ್ನೊಬ್ಬ. ಮೂಲಪಾಠ ಎಲ್ಲಿಯೂ ಉಳಿಯದ ಓಲೆಕಟ್ಟುಗಳನ್ನು ನಾನು ಕಂಡಿದ್ದೇನೆ. ಎಣ್ಣೆ ಹಚ್ಚಿದ ಮೈಗೆ ಧೂಳು ಅಂಟುವಂತೆ ಜೀವಕ್ಕೆ ಕರ್ಮದ ಅಣುಗಳು ಅಂಟುತ್ತವೆಂದು ನಮ್ಮ ಶಾಸ್ತ್ರ ಹೇಳುತ್ತದೆ. ಅಂಟುವ ದ್ರವ್ಯ ಇಷ್ಟು ಸಮೀಪದಲ್ಲಿದೆಯೆಂದು ಮಾತ್ರ ನಾನು ಎಣಿಸಿರಲಿಲ್ಲ.

"ನೆರಳಿಗೇ ಏನಾದ್ರೂ ಔಷಧ ಇದೆಯಾ ತಾಯಿ?"

"ಇಲ್ಲ. ಮೈಗೆ ಬಂದ ಮೇಲೆ ಕೊಡೋ ಮಾತ್ರೆ ಇದೆ. ಅದೂ ಗುಣ ಮಾಡಲ್ಲ. ಕೆಲವು ವರ್ಷ ಕೈಹಿಡಿದು ನಡೆಸುತ್ತೆ, ಅಷ್ಟೇ."

"ಹಾಗಿದ್ರೆ ಅವರಿಗೆ ಹೇಳಿ ಏನು ಪ್ರಯೋಜನ?"

ಡಾಕ್ಟರು ಬರೆಯುತ್ತಿದ್ದ ಚೀಟಿಯನ್ನು ಕೆಳಗಿಟ್ಟರು. "ಮದ್ದಿಲ್ಲ ಅಂದ್ರೆ ಅವರಿಗೆ ಮಾಡೋ ಕೆಲಸವೂ ಇಲ್ಲ ಅಂತೀರಾ? ಮುಗಿಸಬೇಕು ಅಂತ ಏನಾದ್ರೂ ಇಟ್ಕೊಂಡಿರಬಹುದು. ಅವರ ದಿನಗಳನ್ನ ನೀವು ಯಾಕೆ ಇಟ್ಕೊಂಡು ಕೂತಿದೀರಿ?"

ನಾನು ಎದ್ದು ಬಂದೆ. ಮನೆಗೆ ನಡೆಯುವಾಗ ಎಲ್ಲವೂ ಸ್ಪಷ್ಟವಾಯಿತು. ನಾನು ಮೊದಲ ದಿನವೇ ಬಾಯಿಬಿಟ್ಟಿದ್ದರೆ ಪಾಯಣ್ಣನವರು ಪರ್ವದಿನಗಳಿಗೆ ಕಾಯದೆ ನಿತ್ಯವೂ ಓದುತ್ತಿದ್ದರು. ಐದು ತಿಂಗಳಲ್ಲಿ ಕಾವ್ಯ ಮುಗಿದಿರುತ್ತಿತ್ತು. ಅಷ್ಟಾದರೂ ಆ ಸಂಜೆಯೇ ಹೋಗಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಹೇಳಿದ ಮೇಲೆ ಅವರು ನನ್ನ ಪಕ್ಕದಲ್ಲಿ ಮೊದಲಿನಂತೆ ಕುಳಿತಾರೆಯೇ ಎಂಬ ಭಯ. ನಾನು ಕರುಣೆಯೆಂದು ಕರೆಯುತ್ತಿದ್ದುದರ ಒಳಗಿದ್ದದ್ದು ಅದೇ. ಶಾಸ್ತ್ರ ಅದನ್ನು ಪ್ರಮಾದ, ಎಂದರೆ ಎಚ್ಚರಗೇಡಿತನ, ಎನ್ನುತ್ತದೆ, ಹಿಂಸೆಯ ಬೇರನ್ನು ಅಲ್ಲಿಯೇ ತೋರಿಸುತ್ತದೆ.

ಬಾಯಿಂದ ಹೇಳಲಾರದವನು ಉಪಾಯವೊಂದನ್ನು ಕಂಡುಕೊಂಡೆ. ವ್ಯಾಖ್ಯಾನವನ್ನು ಮೊಟಕುಗೊಳಿಸಿದೆ. ಪದವಿಭಾಗ, ಭಾವಾರ್ಥ, ಮುಂದಿನ ಪದ್ಯ. ಮೊದಲು ಒಂದು ಬೆಳಗ್ಗೆ ಐದು ಪದ್ಯ ಸಾಗುತ್ತಿದ್ದಲ್ಲಿ ಈಗ ಹದಿನೈದು ಸಾಗಿದವು. ಈ ವೇಗದಲ್ಲಿ ಹೋದರೆ, ಯಾರಿಗೂ ಏನನ್ನೂ ಹೇಳದೆಯೇ, ಮೈಗೆ ಬೇನೆ ಬರುವ ಮೊದಲು ಮಂಗಳ ಮುಟ್ಟಬಹುದೆಂಬುದು ನನ್ನ ಲೆಕ್ಕಾಚಾರವಾಗಿತ್ತು.

ನಾಲ್ಕನೆಯ ಓದಿನ ದಿನ ಎಲ್ಲರೂ ಹೋದ ಮೇಲೆ ಪಾಯಣ್ಣನವರು ಗ್ರಂಥವನ್ನು ಬಟ್ಟೆಯಲ್ಲಿ ಸುತ್ತುತ್ತ ಕೇಳಿದರು. "ಪಂಡಿತರೇ, ಮೈಯಲ್ಲಿ ಹುಷಾರಿದೀರಾ?"

"ಇದ್ದೇನೆ."

"ಮನೇಲಿ ಏನಾದ್ರೂ ಜಗಳ?"

"ಏನಿಲ್ಲ."

"ಮತ್ತೆ? ಇಷ್ಟು ವರ್ಷ ನೀವು ಅರ್ಥ ಹೇಳಿ ಮುಗಿಸೋಷ್ಟರಲ್ಲಿ ನನಗೆ ಒಂದು ಸಣ್ಣ ನಿದ್ದೆ ಆಗ್ತಿತ್ತು. ಈಗ ಉಸಿರು ತಗೊಳ್ಳೋಕೂ ಬಿಡುವಿಲ್ಲ. ಮೊನ್ನೆ 'ಅಹೋ' ಅಂತ ಒಂದು ಪದ ಬಂತು. ನೀವು ಅದನ್ನ ಹಾಗೇ ದಾಟಿ ಹೋದ್ರಿ. ನಿಮಗೆ ಅವಸರ ಅನ್ನೋದು ಹುಟ್ಟಿನಿಂದಲೇ ಇಲ್ಲ. ಹಾಗಿದ್ರೆ ಈ ಅವಸರ ನಂದಿರಬೇಕು."

ಅವರು ಗ್ರಂಥವನ್ನು ಪೀಠದ ಮೇಲಿಟ್ಟು, ನಿಧಾನವಾಗಿ, ಪದ್ಯದ ಮೊದಲ ಪದವನ್ನು ಶ್ರುತಿಗೆ ಕೂಡಿಸುವಂತೆ ನುಡಿದರು.

"ಕೇಳ್ತಾ ಇದೀನಿ. ನನ್ನ ನೆರಳು ಏನ್ ಮಾಡ್ತಿದೆ?"

"ಜಪ ಮಾಡ್ತಿದೆ."

"ಯಾವ ಕೈ?"

"ಬಲಗೈ."

"ಎಷ್ಟು ದಿನ ಆಯ್ತು?"

"ಒಂದೂವರೆ ವರ್ಷ."

ಅವರು ತಿರುಗಿ ಬರಿಯ ಗೋಡೆಯನ್ನು ನೋಡಿದರು. ಬಿಸಿಲು ಏರಿ ನೆರಳುಗಳು ಆಗಲೇ ಗೋಡೆಯಿಂದಿಳಿದು ನೆಲಕ್ಕೆ ಬಂದಿದ್ದವು. "ಹಾಗಾದ್ರೆ ಜನ ನನ್ನ ಓದು ಕೇಳ್ತಿರ್ಲಿಲ್ಲ" ಎಂದರು. "ಗೋಡೆ ನೋಡ್ತಿದ್ರು." ಆಮೇಲೆ ಇನ್ನೊಂದು ಮಾತು ಹೇಳಿದರು. "ದಿನಾ ಓದಿದ್ರೆ ಇಷ್ಟೊತ್ತಿಗೆ ಮುಗಿದು ಹೋಗ್ತಿತ್ತಲ್ಲ ಪಂಡಿತರೇ." ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನು ಕಾಲಿಗೆ ಬೀಳಬಹುದಿತ್ತು. ಅವರು ಒಬ್ಬರೇ ಮೆಟ್ಟಿಲಿಳಿದು ಹೋದರು.

ಮರುದಿನ ನವಮಿ. ಮಧ್ಯಾಹ್ನದ ಹೊತ್ತಿಗೆ ಅವರ ಹೆಂಡತಿ ಜ್ವಾಲಮ್ಮನವರು ನಮ್ಮ ಜಗಲಿಯ ಕೆಳಗೆ ಬಂದು ನಿಂತರು. ಗಂಡನಿಗಿಂತ ಗಟ್ಟಿದನಿಯ ಹೆಂಗಸು. "ನಾಳೆಯಿಂದ ದಿನಾ ಓದ್ತಾರಂತೆ. ಕೇಳೋರು ಬಂದ್ರೂ ಸರಿ, ಬರದಿದ್ರೂ ಸರಿ. ಅರ್ಥ ಹೇಳೋರು ಬಂದ್ರೆ ಒಳ್ಳೇದು ಅಂದ್ರು."

"ನನ್ನ ಮೇಲೆ ಬೇಸರ ಇದೆಯಾ?"

"ಇಲ್ದೆ ಇರುತ್ತಾ? ನನಗೂ ಇದೆ. ಆದ್ರೆ ಬೇರೆ ಪಂಡಿತರು ಈ ಊರಲ್ಲಿ ಎಲ್ಲಿದಾರೆ?"

ಉಳಿದದ್ದು ಎಪ್ಪತ್ತು ಬೆಳಗಿನ ಓದು. ಪರ್ವವಲ್ಲದ ದಿನಗಳಲ್ಲಿ ಓದುವುದಕ್ಕೆ ಆಧಾರವೇನೆಂದು ಕೆಲವರು ನನ್ನನ್ನು ಕೇಳಿದರು. ಓದಬಾರದೆನ್ನುವುದಕ್ಕೂ ಆಧಾರವಿಲ್ಲವೆಂದೆ. ಮೊದಲ ಇಪ್ಪತ್ತು ದಿನ ಸರಾಗವಾಗಿ ಸಾಗಿದವು. ಇಪ್ಪತ್ತೊಂದನೆಯ ಬೆಳಗ್ಗೆ ಪದ್ಯ ಮುಗಿಸಿ ಕೈ ತೊಡೆಯ ಮೇಲಿಟ್ಟಾಗ ಹೆಬ್ಬೆರಳು ತೋರುಬೆರಳಿಗೆ ಉಜ್ಜತೊಡಗಿತು. ಗೋಡೆಯ ಕೈಯೂ ಮೈಯ ಕೈಯೂ ಒಂದಾಗಿ ಎಣಿಸಿದವು. ಅವರು ಅದನ್ನು ಸ್ವಲ್ಪ ಹೊತ್ತು ನೋಡಿ, ಎಡಗೈಯಿಂದ ಮುಚ್ಚಿಕೊಂಡು, "ಮುಂದಕ್ಕೆ ಹೇಳಿ" ಎಂದರು.

ಡಾಕ್ಟರ್ ನಸೀಮಾ ನಾಲ್ಕು ಹೊತ್ತಿನ ಮಾತ್ರೆ ಬರೆದುಕೊಟ್ಟರು. ನಸುಕಿಗೊಂದು, ಹನ್ನೊಂದಕ್ಕೊಂದು, ನಾಲ್ಕು ಗಂಟೆಗೊಂದು, ಮಲಗುವಾಗ ಒಂದು. ಸತ್ತ ಕೋಶಗಳು ಮಾಡುತ್ತಿದ್ದ ರಸವನ್ನು ಮೆದುಳು ಈ ಮಾತ್ರೆಯಿಂದ ಮಾಡಿಕೊಳ್ಳುತ್ತದೆಂದು ವಿವರಿಸಿದರು. ಕೊನೆಯ ಮಾತ್ರೆಯೇ ತೊಡಕಿಗೆ ಕಾರಣವಾಯಿತು. ಪಾಯಣ್ಣನವರು ಹನ್ನೆರಡನೆಯ ವಯಸ್ಸಿನಿಂದ ಸೂರ್ಯಾಸ್ತದ ಮೇಲೆ ನೀರನ್ನೂ ಮುಟ್ಟಿದವರಲ್ಲ. ಅವರು ಡಾಕ್ಟರನ್ನು ಕೇಳಲಿಲ್ಲ, ವ್ರತದ ವಿಷಯ ಡಾಕ್ಟರಿಗೆ ಹೇಗೆ ತಿಳಿದೀತು ಎಂದು ನನ್ನನ್ನು ಕೇಳಿದರು. ಪರಿಹಾರ ನನಗೆ ಸುಲಭವಾಗಿಯೇ ಹೊಳೆಯಿತು. "ಸೂರ್ಯ ಮುಳುಗೋಕೆ ಮುಂಚೆ, ಸಂಜೆಯ ಊಟದ ಜೊತೆಗೇ ತಗೊಂಡುಬಿಡಿ. ಮಾತ್ರೆ ನಾಲ್ಕೂ ಆಯ್ತು, ವ್ರತವೂ ಉಳೀತು" ಎಂದೆ. ಸಂಧಿಯೊಂದನ್ನು ಬಿಡಿಸಿದಷ್ಟು ಸಂತೋಷ ನನಗಾಗಿತ್ತು.

ಹತ್ತು ದಿನ ಕಳೆದಿರಬಹುದು. ಒಂದು ಸಂಜೆ ಜ್ವಾಲಮ್ಮನವರು ನನ್ನನ್ನು ಕರೆಸಿದರು. ಹೊರಗೆ ಇನ್ನೂ ಬೆಳಕಿತ್ತು. ಪಾಯಣ್ಣನವರು ಜಗಲಿಯಲ್ಲಿ ಮರುದಿನದ ಪದ್ಯಗಳ ಮುಂದೆ ಕುಳಿತಿದ್ದರು. ಭುಜಗಳು ಗಾಳಿಗೆ ಸಿಕ್ಕ ಬಳ್ಳಿಯಂತೆ ತೊನೆಯುತ್ತಿದ್ದವು, ಕತ್ತು ತಾನಾಗಿ ಹೊರಳುತ್ತಿತ್ತು. ತೆರೆದ ಪುಟದ ಮೇಲೆ ಬಾಗಿ ಅವರು ಮೆಲ್ಲಗೆ, ಬಹಳ ಮೆಲ್ಲಗೆ, ಊದುತ್ತಿದ್ದರು.

"ಪುಸ್ತಕ ಮುಚ್ಚೋಕೆ ಬಿಡ್ತಿಲ್ಲ" ಎಂದರು ಜ್ವಾಲಮ್ಮ. "ಅರ್ಧ ಗಂಟೆಯಿಂದ ಹೀಗೇ."

"ಗಟ್ಟಿಯಾಗಿ ಮಾತಾಡಬೇಡಿ" ಎಂದರು ಪಾಯಣ್ಣನವರು. "ಇರುವೆಗಳು. ಒಂದು ಸಾಲಿಂದ ಇನ್ನೊಂದು ಸಾಲಿಗೆ ಇಳೀತಿವೆ. ನೋಡಿ ಪಂಡಿತರೇ, ದೀರ್ಘ ಬಂದ ಕಡೆ ನಿಂತು ನಿಂತು ಹೋಗ್ತಿವೆ. ಈಗ ಮುಚ್ಚಿದ್ರೆ ಎಷ್ಟು ಜೀವ ಹೋಗುತ್ತೆ. ಸ್ವಲ್ಪ ತಡೀರಿ, ಅವು ದಾಟಲಿ."

ಪುಟದ ಮೇಲೆ ಅಕ್ಷರಗಳ ಹೊರತು ಏನೂ ಇರಲಿಲ್ಲ. ನಾನು ಎದುರಿಗೆ ಕುಳಿತೆ. ಅವು ದಾಟುವವರೆಗೂ ಇಬ್ಬರೂ ಕಾದೆವು.

ಮರುದಿನ ನಸುಕಿನಲ್ಲಿ ಅವರ ಮೈ ಕೊರಡಿನಂತೆ ಬಿಗಿದುಕೊಂಡಿತ್ತು. ಓದು ನಿಂತಿತು. ಅದರ ಮರುದಿನವೂ ನಿಂತಿತು. ಮೂರನೆಯ ದಿನ ಡಾಕ್ಟರು ಮನೆಗೇ ಬಂದು, ಜ್ವಾಲಮ್ಮನವರಿಂದ ಮಾತ್ರೆಯ ಹೊತ್ತುಗಳನ್ನು ಒಂದೊಂದಾಗಿ ಹೇಳಿಸಿದರು.

"ನಾಲ್ಕಕ್ಕೊಂದು, ಆರಕ್ಕೊಂದಾ? ಮಲಗುವಾಗ ಅಂತ ಬರೆದಿದ್ನಲ್ಲ. ಎರಡೂ ಒಟ್ಟಿಗೆ ಏರಿದ್ದಕ್ಕೆ ಸಂಜೆ ಮೈ ಕುಣಿಯುತ್ತೆ, ಇಲ್ಲದ್ದು ಕಾಣಿಸುತ್ತೆ. ರಾತ್ರಿಗೆ ಏನೂ ಉಳಿಯಲ್ಲ, ಬೆಳಗ್ಗೆ ಮರಗಟ್ಟುತ್ತೆ. ಆರಕ್ಕೆ ಕೊಡಿ ಅಂತ ಯಾರು ಹೇಳಿದ್ರು?"

"ನಾನು" ಎಂದೆ.

ಅವರು ನನ್ನನ್ನು ನೋಡಿದರು. "ಕಾವ್ಯಕ್ಕೆ ಎಷ್ಟು ಬೇಕಾದ್ರೂ ಅರ್ಥ ಹೇಳಿ ಪಂಡಿತರೇ. ನನ್ನ ಚೀಟಿಗೆ ಬೇಡ."

ನಾನು ಮನೆಗೆ ಹೋಗಿ ಎರಡು ದಿನ ಗ್ರಂಥಗಳನ್ನು ತಿರುವಿದೆ. ರೋಗಿಗೆ ವ್ರತದಲ್ಲಿ ಸಲ್ಲುವ ವಿನಾಯಿತಿಗಳನ್ನು ಹೆಕ್ಕಿ ಬರೆದುಕೊಂಡು ಬಂದು ಓದಿದೆ. ಪಾಯಣ್ಣನವರು ಹಾಸಿಗೆಯಲ್ಲಿ ಒರಗಿಕೊಂಡು ತಾಳ್ಮೆಯಿಂದ ಕೇಳಿದರು. ಅವರ ದನಿ ಆಗಲೇ ಅರ್ಧಕ್ಕೆ ಇಳಿದಿತ್ತು. "ಅರ್ಥ ಚೆನ್ನಾಗಿದೆ. ಆದ್ರೆ ನಾನು ವ್ರತ ತಗೊಂಡಾಗ ವಿನಾಯಿತಿ ಕೇಳಿರ್ಲಿಲ್ಲ ಪಂಡಿತರೇ. ಬೆಳಗ್ಗೆ ಮೈ ಬಿಗಿದ್ರೆ ಬಿಗೀಲಿ. ಬಿಸಿಲೇರಿದ ಮೇಲೆ ಓದ್ತೀನಿ."

"ಬಿಸಿಲೇರಿದ ಮೇಲೆ ನಿಮಗೆ ಅರ್ಧ ಗಂಟೆ ದನಿ ಇರುತ್ತೆ" ಎಂದರು ಬಾಗಿಲಲ್ಲಿ ನಿಂತಿದ್ದ ಜ್ವಾಲಮ್ಮ. "ಅರ್ಧ ಗಂಟೇಲಿ ನಿಮ್ಮ ರಾಜ ಯಾವ ಜನ್ಮಕ್ಕೆ ಕಾಡಿಗೆ ಹೋಗ್ತಾನೆ? ಅದಿರ್ಲಿ. ವ್ರತ ನಿಮ್ಮದು. ರಾತ್ರಿ ನಾಲ್ಕು ಸಲ ನಿಮ್ಮನ್ನ ಮಗ್ಗುಲು ಹೊರಳಿಸೋ ತೋಳು ನಂದು. ನನಗೂ ಅರವತ್ತೇಳು ಆಯ್ತು. ಕಾಣದ ಇರುವೆ ಮೇಲಿರೋ ದಯೆ ಕಾಣೋ ಹೆಂಡತಿ ಮೇಲೂ ಸ್ವಲ್ಪ ಇರ್ಲಿ."

ನಾನು ತಂದಿದ್ದ ಯಾವ ಪ್ರಮಾಣವೂ ಈ ಮಾತಿನ ಸಮಕ್ಕೆ ನಿಲ್ಲುವಂತಿರಲಿಲ್ಲ. ಅಹಿಂಸೆಯನ್ನು ಕುರಿತು ಜೀವಮಾನವೆಲ್ಲ ಮಾತಾಡಿದವನು ನಾನು. ಆ ತೋಳಿನ ನೋವು ನನ್ನ ಎಣಿಕೆಗೆ ಬಂದಿರಲೇ ಇಲ್ಲ. ಅಂದಿನಿಂದ ಪಾಯಣ್ಣನವರು ಮಲಗುವಾಗ ಮಾತ್ರೆ ತೆಗೆದುಕೊಂಡರು. ಅದಕ್ಕೆ ಪ್ರಾಯಶ್ಚಿತ್ತವೆಂದು ಬೆಲ್ಲವನ್ನು ಬಿಟ್ಟರು. ಅವರಿಗೆ ಹೇಳದೆ ನಾನು ತುಪ್ಪವನ್ನು ಬಿಟ್ಟೆ.

ಮೈ ಸ್ವಲ್ಪ ಸಡಿಲವಾಯಿತು, ಇರುವೆಗಳು ಹೋದವು, ಓದು ಮತ್ತೆ ಹಿಡಿಯಿತು. ದನಿ ಮಾತ್ರ ಮರಳಲಿಲ್ಲ. ಎಡಬಲಗಳಲ್ಲಿ ದೂರ ಕೂಡುತ್ತಿದ್ದವರು ದಿನೇ ದಿನೇ ಹತ್ತಿರ ಸರಿದರು. ಕಿವಿ ಕೊಟ್ಟು ಕೇಳಬೇಕಾದ್ದರಿಂದ ಯಾರಿಗೂ ಗೋಡೆಯ ಕಡೆ ನೋಡಲು ಪುರಸೊತ್ತಿರಲಿಲ್ಲ. ಬೇನೆಗೆ ಇನ್ನೊಂದು ಚಾಳಿಯಿತ್ತು. ಸಮನೆಲದಲ್ಲಿ ನಡೆಯುತ್ತಿದ್ದ ಕಾಲು ಹೊಸ್ತಿಲ ಮುಂದೆ ಬಂದಾಗ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಎಳೆದರೂ ಬಾರದು. "ಒಳಗಿಂದ ಅಪ್ಪಣೆ ಬರದಿದ್ರೆ ಹೊರಗಿಂದ ತಾಳ ಕೊಡಿ" ಎಂದಿದ್ದರು ಡಾಕ್ಟರು. "ಮೆದುಳಿಗೆ ಲಯದ ದಾರಿ ಬೇರೆ ಇದೆ. ಅದು ಬೇಗ ಕೆಡಲ್ಲ." ಪಾಯಣ್ಣನವರು ತಾವೇ ಒಂದು ಪದ್ಯವನ್ನು ಗುನುಗಿಕೊಂಡು ಹೊಸ್ತಿಲು ದಾಟುವುದನ್ನು ಕಲಿತರು.

ಮಂಗಳದ ದಿನ ಬಂತು. ಊರಿಗೆ ಊರೇ ಬಸದಿಯ ಅಂಗಳದಲ್ಲಿತ್ತು. ಜ್ವಾಲಮ್ಮನವರ ತೋಳು ಹಿಡಿದು ಪಾಯಣ್ಣನವರು ನಿಧಾನವಾಗಿ ಬಂದರು. ಬಸದಿಯ ಎತ್ತರದ ಹೊಸ್ತಿಲ ಮುಂದೆ ಕಾಲು ನಿಂತಿತು. ಹುಟ್ಟುತ್ತಿದ್ದ ಸೂರ್ಯ ಬೆನ್ನ ಹಿಂದಿದ್ದುದರಿಂದ ನೆರಳು ಅವರಿಗಿಂತ ಮೊದಲೇ ಹೊಸ್ತಿಲು ದಾಟಿ ಒಳಗೆ ಚಾಚಿತ್ತು. ಅವರು ಗುನುಗಲು ತುಟಿ ತೆರೆದರು. ಇರುವ ದನಿಯನ್ನು ಕೊನೆಯ ಸಂಧಿಗೆ ಉಳಿಸಿಕೊಳ್ಳಬೇಕೆಂದೋ, ತಂದೆಯ ನೆನಪಾಗಿಯೋ, ದನಿ ಹೊರಡಲಿಲ್ಲ. ಜ್ವಾಲಮ್ಮ ಚಪ್ಪಾಳೆಯಲ್ಲಿ ತಾಳ ಹಾಕಿದರು. ಕಾಲು ಕದಲಲಿಲ್ಲ.

"ಪಂಡಿತರೇ" ಎಂದರು ಜ್ವಾಲಮ್ಮ. "ನೀವು ಹೇಳಿ."

"ನಾನಾ?"

"ಮತ್ಯಾರು? ಇಷ್ಟು ವರ್ಷ ಕೇಳಿಲ್ವಾ?"

ಮೂವತ್ತೆಂಟು ವರ್ಷಗಳಲ್ಲಿ ಆ ಬಸದಿಯಲ್ಲಿ ನಾನು ಒಂದು ಸಾಲನ್ನೂ ಹಾಡಿದವನಲ್ಲ. ಹೊಸ್ತಿಲ ಒಳಗೆ ಅವರ ನೆರಳಿನ ಪಕ್ಕದಲ್ಲಿ ನಿಂತು, ಅಂದು ಓದಬೇಕಾಗಿದ್ದ ಕೊನೆಯ ಪದ್ಯವನ್ನು, ಅರಸ ಅರಮನೆಯನ್ನು ಬಿಟ್ಟು ಹೊರಡುವಾಗ ತನಗೆ ತಾನೇ ಹೇಳಿಕೊಳ್ಳುವುದನ್ನು, ಎತ್ತಿಕೊಂಡೆ. ನಾಲ್ಕು ನಾಲ್ಕು ಮಾತ್ರೆಗಳ ಗಣ, ನಡೆಯುವುದಕ್ಕೆಂದೇ ಕಟ್ಟಿದಂತಿತ್ತು.

"ಅಡಿಯಿಡು ಮನವೇ, ನಡೆ ನಡೆ ಮುಂದಕೆ, ಗಡಿಯನು ದಾಟುವ ಹೊತ್ತಾಯ್ತು."

ಹಿಂದಿನ ಸಾಲಿನಲ್ಲಿ ಯಾರೋ ನಗು ತಡೆದುಕೊಳ್ಳಲಾರದೆ ಕೆಮ್ಮಿದರು. ಪಾಯಣ್ಣನವರ ಮುಖ ಸಂಕಟದಿಂದ ಕಿವುಚಿಕೊಂಡಿತು. ಬೇನೆಯ ಸಂಕಟ ಹಾಗಿರಲಿಲ್ಲ, ಅದು ಅಪಸ್ವರ ಕೇಳಿದವರ ಸಂಕಟ. "ಶ್ರುತಿ ಮೇಲೆ ಹೋಯ್ತು ಪಂಡಿತರೇ" ಎಂದರು ಪಿಸುದನಿಯಲ್ಲಿ. "ಇಳಿಸಿ. ಇನ್ನೊಂದ್ಸಲ." ನಾನು ಇಳಿಸಿದೆ. ಇನ್ನಷ್ಟು ಕೆಟ್ಟಿತು. ಅವರು ತಡೆಯಲಾರದೆ ಸರಿಯಾದ ಸ್ವರವನ್ನು ತಾವೇ ಹಿಡಿದು ತೋರಿಸಿದರು. ತೋರಿಸುತ್ತಿರುವಾಗಲೇ ಬಲಗಾಲು ಎದ್ದು ಹೊಸ್ತಿಲ ಈಚೆಗೆ ಬಂತು, ಅದರ ಹಿಂದೆ ಎಡಗಾಲೂ ಬಂತು.

ಪೀಠದ ಬಳಿ ನಿಂತು ಅವರು, "ಇವತ್ತು ತಿರುಗಿಸಿ ಹಾಕಿ" ಎಂದರು. ಗೋಡೆಗೆ ಮುಖ ಮಾಡಿದರೆ ಗ್ರಂಥ ಅವರದೇ ನೆರಳಿನಲ್ಲಿ ಮುಳುಗುತ್ತದೆಂದೆ. "ಕೊನೇ ಸಂಧಿಗೆ ಗ್ರಂಥ ಯಾಕೆ? ಅಪ್ಪ ಓದದೆ ಬಿಟ್ಟಾಗಿಂದ ಬಾಯಲ್ಲೇ ಇದೆ." ನಾವು ಪೀಠ ತಿರುಗಿಸಿದೆವು. ಪಾಯಣ್ಣನವರು ಸೂರ್ಯನಿಗೆ ಬೆನ್ನು ಕೊಟ್ಟು, ಮೊದಲ ಬಾರಿಗೆ, ತಮ್ಮ ನೆರಳಿನ ಎದುರು ಕುಳಿತರು. ಗೋಡೆಯ ಮೇಲೆ ಕೈ ಎಣಿಸುತ್ತಿತ್ತು. ಅದನ್ನು ನೋಡುತ್ತ, "ಒಳ್ಳೇ ಶ್ರದ್ಧೆ ಇದೆ ಅದಕ್ಕೆ" ಎಂದು ನನ್ನ ಕಡೆ ವಾಲಿ ಹೇಳಿ, ಓದತೊಡಗಿದರು. ಅಂಗಳದವರೆಗೆ ತಲುಪುವ ದನಿಯಲ್ಲವಾದರೂ ಸ್ವರ ಒಂದೂ ತಪ್ಪಲಿಲ್ಲ. ಪದ್ಯ ನಡೆಯುವಾಗ ಆ ಕೈ ನಿಲ್ಲುತ್ತಿತ್ತು. ಪದ್ಯ ಮುಗಿದರೆ ಮತ್ತೆ ಹಿಡಿಯುತ್ತಿತ್ತು. ಹೀಗೆ ಕೊನೆಯ ಪದ್ಯಕ್ಕೆ ಬಂದರು. ಹೊಸ್ತಿಲಲ್ಲಿ ನಾನು ಕೆಡಿಸಿದ್ದನ್ನು ತಿದ್ದಿ ಓದಿ, ಉಳಿದರ್ಧವನ್ನೂ ಓದಿದರು.

"ಕಡಲಿನ ತೆರೆಯೊಲು ಸಡಗರ ಮುಗಿಯಿತು, ಒಡಲಿನ ನೆರಳಿದು ಬಯಲಾಯ್ತು."

ತಂದೆ ಮುಟ್ಟದ ಸಾಲನ್ನು ಮಗ ಮುಟ್ಟಿದರು. ನಾನು ಪದವಿಭಾಗ ಮಾಡಿ, ಭಾವಾರ್ಥ ಹೇಳಿ, ಮಂಗಳಾರತಿಗೆ ಏಳಲು ಅಣಿಯಾದೆ. ಅವರ ನಡುಗುವ ಕೈ ನನ್ನ ಮೊಣಕಾಲಿನ ಮೇಲೆ ಬಂದು ಕುಳಿತಿತು.

"ಇವತ್ತು ಅವಸರ ಯಾರಿಗಿದೆ ಪಂಡಿತರೇ? 'ಬಯಲು' ಅಂದ್ರೆ ಏನು, ಹೇಳಿ. ಪೂರ್ತಿ ಹೇಳಿ."

ನಾನು ಹೇಳತೊಡಗಿದೆ. ನೆರಳೆಂದರೆ ಏನು, ಅದು ಯಾವುದರದು, ಬೆಳಕನ್ನು ತಡೆಯುವ ಒಡಲು ಸರಿದಾಗ ಅದು ಎಲ್ಲಿಗೆ ಹೋಗುತ್ತದೆ, ಹೋಗುತ್ತದೆಯೋ ಅಥವಾ ಇರಲೇ ಇಲ್ಲವೋ. ಒಂದೂವರೆ ವರ್ಷ ನುಂಗಿದ್ದ ಮಾತುಗಳೂ, ಮೊಟಕುಗೊಳಿಸಿದ ಅರ್ಥಗಳೂ, ದಾಟಿ ಹೋಗಿದ್ದ ಆ 'ಅಹೋ' ಕೂಡ, ಒಂದರ ಹಿಂದೊಂದು ಬಂದವು. ನಡುವೆ ಜ್ವಾಲಮ್ಮನವರು ಎದ್ದು, "ಪಂಡಿತರೇ, ಅಲ್ಲೇ ನಿಲ್ಸಿ. ಹನ್ನೊಂದರ ಮಾತ್ರೆ" ಎಂದು ಲೋಟ ಹಿಡಿದು ಬಂದರು. ಪಾಯಣ್ಣನವರು ಮಾತ್ರೆ ನುಂಗಿ, ಕಣ್ಣು ಮುಚ್ಚಿ ಒರಗಿಕೊಂಡರು. ಸ್ವಲ್ಪ ಹೊತ್ತಿಗೆ ಅವರ ಉಸಿರು ಸಣ್ಣಗೆ ಗೊರಕೆಯಾಯಿತು. ನನಗೆ ಅದಕ್ಕಿಂತ ಹೆಚ್ಚಿನ ಕ್ಷಮೆ ಬೇಕಿರಲಿಲ್ಲ. ದನಿ ತಗ್ಗಿಸಿಕೊಂಡು ಮುಂದುವರಿಸಿದೆ.

ನಾನು ಮುಗಿಸಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಗೋಡೆ ಬರಿದಾಗಿತ್ತು. ಜನ ಎದ್ದು ಅಂಗಳ ದಾಟಿ ಮನೆಗಳಿಗೆ ಹೊರಟರು. ಆ ಬಿಸಿಲಿನಲ್ಲಿ ಯಾರ ನೆರಳೂ ಯಾರಿಗೂ ಕಾಣುವಂತಿರಲಿಲ್ಲ.